ಕ್ಯಾಸಿನೊ ಪೋಕರ್ ಮೇಜಿನಲ್ಲಿ ನಿಮ್ಮ ಎಲೆಗೆ ನೀವೇ ಕಾವಲು

ಕ್ಯಾಸಿನೊ ಪೋಕರ್‌ಗೆ ಹೊಸದಾಗಿ ಕುಳಿತವರಿಗೆ ಶುದ್ಧ ಅನ್ಯಾಯವೆನಿಸುವ ನಿಯಮವೊಂದಿದೆ. ಆಟ ನಡೆಯುತ್ತಿರುವಾಗ ಡೀಲರ್ (ಎಲೆ ಹಂಚುವ ನೌಕರ) ಕೈತಪ್ಪಿನಿಂದ ನಿಮ್ಮ ಎರಡು ಎಲೆಗಳನ್ನು ಎಳೆದುಕೊಂಡು, ಇತರರು ಬಿಟ್ಟ ಎಲೆಗಳ ರಾಶಿಗೆ ಸೇರಿಸಿಬಿಟ್ಟರೆ ನಿಮ್ಮ ಆಟ ಅಲ್ಲಿಗೆ ಮುಗಿಯಿತು. ಅವು ಎಕ್ಕದ ಜೋಡಿಯೇ ಆಗಿರಲಿ, ಅದುವರೆಗೆ ನೀವು ಪಾಟ್‌ಗೆ, ಅಂದರೆ ಮೇಜಿನ ನಡುವಿನ ಪಣಕ್ಕೆ, ಹಾಕಿದ ಹಣ ಎಷ್ಟೇ ಇರಲಿ, ಪರಿಹಾರವಿಲ್ಲ. ತಪ್ಪು ಮಾಡಿದ್ದು ಕ್ಯಾಸಿನೊದ ನೌಕರ, ದಂಡ ತೆರುವುದು ನೀವು.

ನನ್ನ ಮಟ್ಟಿಗೆ ಇದು ಕಠಿಣವಾದರೂ ಸರಿಯಾದ ನಿಯಮ. ಎಲೆಗಳನ್ನು ಕಾಯುವುದು ಮತ್ತು ಮೇಜಿನ ಜಗಳ ಬಗೆಹರಿಸುವುದು ನೋಡಲು ಎರಡು ಬೇರೆ ವಿಷಯಗಳಂತೆ ಕಂಡರೂ ಎರಡರ ತಿರುಳೂ ಒಂದೇ: ಸಾಕ್ಷ್ಯ. ಯಾರ ಬಳಿ ಯಾವ ಎಲೆ ಇತ್ತು, ಯಾರು ಎಷ್ಟು ಚಿಪ್ (ಹಣದ ಬದಲಿಗೆ ಬಳಸುವ ಬಿಲ್ಲೆ) ಹಾಕಿದರು ಎಂಬುದನ್ನು ಮೇಜೇ ತೋರಿಸುವಂತಿರಬೇಕು. ಎಲೆಗಳು ಬೆರೆತು ಚಿಪ್‌ಗಳು ಕಲೆತ ಮೇಲೆ ಎಂಥ ಪ್ರಾಮಾಣಿಕ ತೀರ್ಪುಗಾರನೂ ಊಹೆಯಿಂದಲೇ ಮಾತನಾಡಬೇಕಾಗುತ್ತದೆ. ಡೀಲರ್ ರಾಶಿಯಿಂದ ಎರಡು ಎಲೆ ತೆಗೆದು ‘ಇವೇ ನಿಮ್ಮವು’ ಎಂದು ಹಿಂದಿರುಗಿಸಲು ಅವಕಾಶವಿದ್ದರೆ ಏನಾಗುತ್ತದೆ, ಯೋಚಿಸಿ. ಮೋಸಗಾರನೊಬ್ಬ ತನ್ನ ಕಳಪೆ ಎಲೆಗಳನ್ನು ರಾಶಿಯೊಳಕ್ಕೆ ಜಾರಿಸಿ, ‘ಅಯ್ಯೋ, ನನ್ನ ರಾಜ ಮತ್ತು ರಾಣಿ ಹೋದವು’ ಎಂದು ಕೂಗಿದರೆ ಸಾಕು. ರಾಶಿ ಸೇರಿದ ಎಲೆ ಯಾರದೂ ಅಲ್ಲ ಎಂಬ ಕಟ್ಟುನಿಟ್ಟು ಆ ದಾರಿಯನ್ನು ಮುಚ್ಚುತ್ತದೆ.

ಕರ್ನಾಟಕದ ಓದುಗರಿಗೆ ಈ ವಿಷಯ ಈಗ ಮೊದಲಿಗಿಂತ ಹತ್ತಿರದ್ದು. ಪೋಕರ್ ಕೌಶಲದ ಆಟವಾಗಿ ನಡೆಯುವಾಗ ಅದಕ್ಕೆ ಪರವಾನಗಿ ಬೇಡ ಎಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿತ್ತು. ಆ ನಂತರದ ವರ್ಷಗಳಲ್ಲಿ ಬೆಂಗಳೂರಿನ ಎಷ್ಟೋ ಯುವಕರು ಪೋಕರ್ ಕಲಿತದ್ದು ಮೊಬೈಲ್‌ನಲ್ಲಿ. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ದೇಶದಾದ್ಯಂತ ನಿಷೇಧಿಸಿತು. ಇನ್ನು ಆಡಬೇಕೆಂದರೆ ಪಣಜಿಯಲ್ಲಿ ಮಾಂಡೋವಿ ನದಿಯ ಮೇಲಿರುವ ಹಡಗು ಕ್ಯಾಸಿನೊಗಳಂಥ ಜಾಗಕ್ಕೆ ಹೋಗಬೇಕು. ಮೊಬೈಲ್‌ನಲ್ಲಿ ನಿಮ್ಮ ಎಲೆಯನ್ನು ಯಾರೂ ಎಳೆದುಕೊಳ್ಳುವುದಿಲ್ಲ, ಸರದಿ ತಪ್ಪಿಸಿ ಬೆಟ್ ಮಾಡಲು (ಪಣ ಹಾಕಲು) ಆಗುವುದಿಲ್ಲ, ಗೆದ್ದವರು ಯಾರೆಂದು ಯಂತ್ರವೇ ಹೇಳುತ್ತದೆ. ನಿಜವಾದ ಮೇಜಿನಲ್ಲಿ ಈ ಮೂರೂ ಕೆಲಸ ಆಟಗಾರನ ಹೆಗಲ ಮೇಲೆ ಬೀಳುತ್ತವೆ. ಪರದೆಯ ಮೇಲೆ ಕಲಿತ ಜಾಣತನ ಇಲ್ಲಿ ಸೋಲುವುದು ಸಾಮಾನ್ಯವಾಗಿ ಲೆಕ್ಕಾಚಾರದಲ್ಲಲ್ಲ, ಈ ಮೂರರಲ್ಲಿ.

ನಿಯಮಗಳು ಎಲ್ಲಿಂದ ಬಂದವು ಎಂಬುದನ್ನೂ ಹೇಳಬೇಕು. ಹಿಂದೆ ಒಂದೊಂದು ಕ್ಯಾಸಿನೊಗೆ ಒಂದೊಂದು ಪದ್ಧತಿ ಇತ್ತು. 2001ರಲ್ಲಿ ಮ್ಯಾಟ್ ಸ್ಯಾವೇಜ್, ಲಿಂಡಾ ಜಾನ್ಸನ್, ಜ್ಯಾನ್ ಫಿಶರ್ ಮತ್ತು ಡೇವಿಡ್ ಲ್ಯಾಂಬ್ ಸೇರಿ ಪೋಕರ್ ಟೂರ್ನಮೆಂಟ್ ಡೈರೆಕ್ಟರ್ಸ್ ಅಸೋಸಿಯೇಷನ್ ಕಟ್ಟಿದರು. ಟಿಡಿಎ ಎಂದೇ ಎಲ್ಲರೂ ಕರೆಯುವ ಈ ಸಂಘದ ನಿಯಮಗಳನ್ನು ಇಂದು ಅನೇಕ ದೇಶಗಳ ಟೂರ್ನಮೆಂಟ್‌ಗಳು ಆಧಾರವಾಗಿಟ್ಟುಕೊಂಡಿವೆ. ಕ್ಯಾಶ್ ಗೇಮ್‌ಗಳಲ್ಲಿ, ಅಂದರೆ ಚಿಪ್‌ಗೆ ನೇರವಾಗಿ ಹಣದ ಬೆಲೆ ಇರುವ ಆಟಗಳಲ್ಲಿ, ಆಯಾ ಪೋಕರ್ ಕೋಣೆಯ ನಿಯಮವೇ ನಡೆಯುತ್ತದೆ. ಅದು ಟಿಡಿಎಗೆ ಹತ್ತಿರವಿದ್ದರೂ ಪೂರ್ತಿ ಒಂದೇ ಆಗಿರಬೇಕಿಲ್ಲ. ಕೆಳಗಿನ ಉದಾಹರಣೆಗಳನ್ನು ಟಿಡಿಎ ಪ್ರಕಾರ ಕೊಟ್ಟಿದ್ದೇನೆ.

ಎಲೆ ಕಾಯುವ ಬಗೆ

ಟೆಕ್ಸಾಸ್ ಹೋಲ್ಡೆಮ್‌ನಲ್ಲಿ ಪ್ರತಿಯೊಬ್ಬರಿಗೂ ಎರಡು ಎಲೆ ಗುಟ್ಟಾಗಿ ಬರುತ್ತವೆ. ಮೇಜಿನ ನಡುವೆ ಐದು ಎಲೆ ಎಲ್ಲರಿಗೂ ಸೇರಿದವು. ಬೇಡವೆಂದು ಬಿಟ್ಟ ಎಲೆಗಳ ರಾಶಿಗೆ ಮಕ್ ಎನ್ನುತ್ತಾರೆ. ನಿಮ್ಮ ಎರಡು ಎಲೆಗಳಿಗೆ ಎದುರಾಗುವ ದೊಡ್ಡ ಅಪಾಯ ಈ ಮಕ್. ಡೀಲರ್‌ನ ಎಡ ಬಲಗಳಲ್ಲಿರುವ ಎರಡು ಕುರ್ಚಿಗಳವರು ಹೆಚ್ಚು ಎಚ್ಚರವಾಗಿರಬೇಕು, ಏಕೆಂದರೆ ಡೀಲರ್ ಎಲೆ ಗುಡಿಸಿಕೊಳ್ಳುವ ಕೈ ಹಾದುಹೋಗುವುದು ಅವರ ಎದುರಿನಿಂದಲೇ. ಉಳಿದವರಿಗೂ ಅಪಾಯ ತಪ್ಪಿದ್ದಲ್ಲ. ಪಕ್ಕದವನು ಸಿಟ್ಟಿನಲ್ಲಿ ಎಸೆದ ಎಲೆ ಜಾರಿ ಬಂದು ನಿಮ್ಮ ಎಲೆಗಳ ನಡುವೆ ನುಗ್ಗಿದರೆ, ಮೂರರಲ್ಲಿ ನಿಮ್ಮವು ಯಾವ ಎರಡು ಎಂದು ನೂರಕ್ಕೆ ನೂರು ಖಚಿತವಾಗಿ ಹೇಳಲಾಗದಿದ್ದರೆ ನಿಮ್ಮ ಕೈ (ನಿಮ್ಮ ಪಾಲಿನ ಎಲೆಗಳು; ಒಂದು ಸುತ್ತಿನ ಆಟಕ್ಕೂ ಇದೇ ಹೆಸರು) ಸತ್ತಂತೆ.

ಪರಿಹಾರ ಸುಲಭ: ಎಲೆಗಳ ಮೇಲೆ ತೂಕವಿಡುವುದು. ಒಂದು ಚಿಪ್ ಸಾಕು. ತೂಕವಿದೆ ಎಂದರೆ ‘ಈ ಎಲೆಗಳು ಇನ್ನೂ ಆಟದಲ್ಲಿವೆ’ ಎಂದು ಡೀಲರ್‌ಗೂ ಪಕ್ಕದವರಿಗೂ ಮಾತಿಲ್ಲದೆ ತಿಳಿಯುತ್ತದೆ. 2004ರ ವರ್ಲ್ಡ್ ಸಿರೀಸ್ ಆಫ್ ಪೋಕರ್‌ನ ಮೇನ್ ಇವೆಂಟ್ ಗೆದ್ದ ಗ್ರೆಗ್ ರೇಮರ್ ಪಳೆಯುಳಿಕೆ ಕಲ್ಲುಗಳನ್ನು ಎಲೆಯ ಮೇಲಿಡುತ್ತಿದ್ದರು. ಅವರಿಗೆ ‘ಫಾಸಿಲ್‌ಮ್ಯಾನ್’ ಎಂಬ ಅಡ್ಡಹೆಸರು ಬಂದದ್ದು ಹಾಗೆ. ಇಂಥ ವಸ್ತುಗಳನ್ನು ಅದೃಷ್ಟದ ಗೊಂಬೆಗಳೆಂದು ನೋಡುವವರೇ ಹೆಚ್ಚು. ಆದರೆ ಚಿಪ್ ಇರುವಾಗ ಬೇರೆ ತೂಕ ಯಾಕೆ ಎಂಬುದಕ್ಕೆ ಗಟ್ಟಿ ಕಾರಣವಿದೆ. ಆಲ್ ಇನ್ ಎಂದ ಕ್ಷಣ ನಿಮ್ಮ ಚಿಪ್‌ಗಳೆಲ್ಲ ನಡುವೆ ಹೋಗುತ್ತವೆ, ಎಲೆಯ ಮೇಲಿಡಲು ಒಂದೂ ಉಳಿಯುವುದಿಲ್ಲ. ಇದ್ದಬದ್ದದ್ದನ್ನೆಲ್ಲ ಪಣಕ್ಕಿಟ್ಟ ಆ ಹೊತ್ತಿನಲ್ಲೇ ಎಲೆಗಳು ಬರಿದಾಗಿ ಬಿದ್ದಿರುತ್ತವೆ, ಆಟಗಾರನ ಕಣ್ಣು ಎದುರಾಳಿಯ ಮುಖದ ಮೇಲಿರುತ್ತದೆ. ಡೀಲರ್‌ನಿಂದ ಎಲೆ ಹೋಗುವುದು ಹೆಚ್ಚಾಗಿ ಇಂಥ ಗಳಿಗೆಯಲ್ಲೇ. ಬೇರೆ ತೂಕವಿಲ್ಲದಿದ್ದರೆ ಅಂಗೈ ಇಡಿ, ತೆಗೆಯಬೇಡಿ.

ಒಂದು ವಿನಾಯಿತಿ ಇದೆ, ಅದನ್ನು ತಿಳಿದಿರುವುದು ಒಳ್ಳೆಯದು. ಎದುರಾಳಿ 2,000 ಬೆಟ್ ಮಾಡಿದ, ನೀವು 6,000ಕ್ಕೆ ರೇಸ್ ಮಾಡಿದಿರಿ, ಅಂದರೆ ಪಣ ಏರಿಸಿದಿರಿ, ಅವನು ಇನ್ನೂ ಉತ್ತರಿಸಿಲ್ಲ. ಅಷ್ಟರಲ್ಲಿ ಡೀಲರ್ ನಿಮ್ಮ ಎಲೆ ಎಳೆದುಕೊಂಡ. ಆಗ ಯಾರೂ ಕಾಲ್ ಮಾಡದ (ಸರಿಸಮ ಹಣ ಹಾಕದ) ನಿಮ್ಮ 4,000 ನಿಮಗೆ ಹಿಂದಿರುಗುತ್ತದೆ. 2,000 ಪಾಟ್‌ನಲ್ಲೇ ಉಳಿಯುತ್ತದೆ. ಅವನು ಆಗಲೇ ಕಾಲ್ ಎಂದಿದ್ದರೆ 6,000ವೂ ಹೋಯಿತು.

ಎಲೆಯನ್ನು ಅತಿಯಾಗಿ ಬಚ್ಚಿಡುವುದೂ ತಪ್ಪು. ಮಡಿಲಿಗೆ ಇಳಿಸಬಾರದು, ಮೇಜಿನ ಅಂಚಿನಿಂದ ಆಚೆ ಒಯ್ಯಬಾರದು, ಚಿಪ್‌ಗಳ ಗೋಡೆಯ ಹಿಂದೆ ಮರೆಮಾಡಬಾರದು. ನಿಮ್ಮ ಬಳಿ ಎಲೆ ಇದೆಯೆಂದು ಕಾಣದಿದ್ದರೆ ಡೀಲರ್ ನಿಮ್ಮ ಸರದಿಯನ್ನು ದಾಟಿ ಹೋಗುತ್ತಾನೆ, ನಿಮ್ಮ ನಂತರದವನು ಎದುರಾಳಿ ಒಬ್ಬನೇ ಎಂದು ತಿಳಿದು ಬೆಟ್ ಮಾಡುತ್ತಾನೆ, ಜಗಳ ಅಲ್ಲಿಂದ ಶುರುವಾಗುತ್ತದೆ. ನೋಡುವಾಗ ಎಲೆಗಳನ್ನು ಎತ್ತಿ ಹಿಡಿಯದೆ, ಮೇಜಿಗೆ ಒತ್ತಿದಂತೆಯೇ ಒಂದು ಅಂಗೈಯಿಂದ ಮರೆಮಾಡಿ ಮೂಲೆಯನ್ನಷ್ಟೇ ಎತ್ತಬೇಕು. ಪಕ್ಕದ ಗೆಳೆಯನಿಗೆ ತೋರಿಸುವ ಚಪಲ ಬೇಡ. ಒಬ್ಬರಿಗೆ ತೋರಿಸಿದ್ದನ್ನು ಎಲ್ಲರಿಗೂ ತೋರಿಸಬೇಕೆಂಬ ನಿಯಮ ಹೆಚ್ಚಿನ ಕೋಣೆಗಳಲ್ಲಿದೆ. ಒಂದು ಕೈಯನ್ನು ಒಬ್ಬನೇ ಆಡಬೇಕು, ಸಲಹೆ ಕೇಳುವಂತಿಲ್ಲ ಎಂಬುದೂ ಅಷ್ಟೇ ಗಟ್ಟಿ ನಿಯಮ.

ಶೋಡೌನ್‌ನಲ್ಲಿ ಕಳೆದುಕೊಳ್ಳುವ ಹಣ

ನನ್ನ ಅಭಿಪ್ರಾಯದಲ್ಲಿ ಎಲೆ ಕಾಯುವ ಪಾಠದಲ್ಲಿ ಅತ್ಯಂತ ಕಡಿಮೆ ಹೇಳಲ್ಪಡುವ ಭಾಗ ಇದು. ಬೆಟ್ಟಿಂಗ್ ಮುಗಿದು ಎಲೆ ತೋರಿಸುವ ಹೊತ್ತಿಗೆ ಆಟಗಾರರು ಸಡಿಲವಾಗುತ್ತಾರೆ. ಆದರೆ ಪಾಟ್ ನಿಮ್ಮ ಮುಂದೆ ಬರುವವರೆಗೆ ಏನೂ ಮುಗಿದಿಲ್ಲ.

ಇಲ್ಲಿ ಆಳುವ ನಿಯಮ ಒಂದೇ ಮಾತಿನದು: ಎಲೆಗಳೇ ಮಾತನಾಡುತ್ತವೆ. ಬಾಯಲ್ಲಿ ಏನೇ ಹೇಳಿರಲಿ, ಎರಡೂ ಎಲೆಗಳನ್ನು ಮುಖ ಮೇಲಾಗಿ ಮೇಜಿನ ಮೇಲಿಟ್ಟರೆ ಅವುಗಳ ನಿಜವಾದ ಬೆಲೆಯೇ ಲೆಕ್ಕ. ನಡುವಿನ ಐದು ಎಲೆಗಳು 2, 3, ರಾಜ, ರಾಜ, 4 ಎಂದಿಟ್ಟುಕೊಳ್ಳಿ. ನಿಮ್ಮ ಬಳಿ ಎಕ್ಕ ಮತ್ತು 5. ನಿಮ್ಮ ಕಣ್ಣಿಗೆ ಬಿದ್ದದ್ದು ರಾಜನ ಜೋಡಿ, ಜೊತೆಗೆ ಒಂದು ಎಕ್ಕ. ಎದುರಾಳಿ ರಾಜ ಮತ್ತು ರಾಣಿ ತೋರಿಸಿ ‘ಮೂರು ರಾಜ’ ಎನ್ನುತ್ತಾನೆ. ನೀವು ಬೇಸರದಿಂದ ಎಲೆಗಳನ್ನು ಮಗುಚಿ ರಾಶಿಗೆ ಎಸೆದಿರಿ. ಎಕ್ಕವನ್ನು ಕೆಳಗಿನ ಎಲೆಯಾಗಿ ಎಣಿಸಿದರೆ ಎಕ್ಕ, 2, 3, 4, 5 ಸಾಲಾಗಿ ನಿಲ್ಲುತ್ತವೆ. ಅದು ಸ್ಟ್ರೇಟ್, ಮೂರು ರಾಜರಿಗಿಂತ ದೊಡ್ಡದು. ಗೆದ್ದ ಪಾಟನ್ನು ನೀವೇ ಬಿಟ್ಟುಕೊಟ್ಟಿರಿ. ಅದೇ ಎಲೆಗಳನ್ನು ಸುಮ್ಮನೆ ಮುಖ ಮೇಲೆ ಮಾಡಿ ಇಟ್ಟಿದ್ದರೆ ಡೀಲರ್ ಅವನ್ನು ಓದಲೇಬೇಕಿತ್ತು. ಡೀಲರ್ ಓದಲು ತಪ್ಪಿದರೂ ಮೇಜಿನಲ್ಲಿರುವ ಯಾರಾದರೂ, ಆ ಕೈಯಲ್ಲಿ ಆಡದವರೂ ಸೇರಿ, ತಪ್ಪನ್ನು ಎತ್ತಿ ತೋರಿಸಬೇಕೆಂದು ಟಿಡಿಎ ಹೇಳುತ್ತದೆ. ಸರಿಯಾಗಿ ತೆರೆದಿಟ್ಟ, ಸ್ಪಷ್ಟವಾಗಿ ಗೆದ್ದಿರುವ ಕೈಯನ್ನು ಡೀಲರ್ ಕೊಲ್ಲಲಾರ. ಅನುಮಾನವಿದ್ದಾಗ ತೆರೆದಿಡಿ, ಅದಕ್ಕಿಂತ ದೊಡ್ಡ ರಕ್ಷಣೆ ಈ ಆಟದಲ್ಲಿಲ್ಲ.

ಇದರ ಇನ್ನೊಂದು ಮುಖ ಎದುರಾಳಿಯ ಮಾತು. ಅವನು ‘ಫ್ಲಶ್’ (ಒಂದೇ ಗುರುತಿನ ಐದು ಎಲೆ) ಎಂದು ಘೋಷಿಸಿದ, ನೀವು ನಂಬಿ ಎಲೆ ಎಸೆದಿರಿ, ಆಮೇಲೆ ನೋಡಿದರೆ ಫ್ಲಶ್ ಇಲ್ಲ. ಬೇಕೆಂದೇ ಸುಳ್ಳು ಹೇಳಿದ್ದರೆ ಅವನಿಗೆ ದಂಡನೆ ಆಗಬಹುದು, ಆದರೆ ರಾಶಿಗೆ ಹೋದ ನಿಮ್ಮ ಎಲೆ ಬದುಕುವುದಿಲ್ಲ. ಅವನ ಎರಡೂ ಎಲೆಗಳನ್ನು ನಿಮ್ಮ ಕಣ್ಣಾರೆ ನೋಡುವವರೆಗೆ ನಿಮ್ಮ ತೂಕ ನಿಮ್ಮ ಎಲೆಗಳ ಮೇಲೆಯೇ ಇರಲಿ. ಒಂದೇ ಎಲೆ ತೋರಿಸಿ ಪಾಟ್ ಕೇಳುವವನಿಗೆ ಎರಡನೆಯದನ್ನೂ ತೋರಿಸಲು ಹೇಳಿ; ಅದು ಅಸಭ್ಯತೆಯಲ್ಲ.

ಟೂರ್ನಮೆಂಟ್‌ನಲ್ಲಿ ಒಬ್ಬ ಆಲ್ ಇನ್ ಆಗಿ ಬೆಟ್ಟಿಂಗ್ ಪೂರ್ತಿ ಮುಗಿದರೆ ಎಲ್ಲರೂ ಎಲೆ ತೆರೆದಿಡಬೇಕು, ಹಾಗಾಗಿ ಅಲ್ಲಿ ಈ ಭಯ ಕಡಿಮೆ. ಕ್ಯಾಶ್ ಗೇಮ್‌ಗಳಲ್ಲಿ ಸಾಮಾನ್ಯವಾಗಿ ಆ ಕಡ್ಡಾಯವಿಲ್ಲ.

ಜಗಳ ಬಂದಾಗ

ಡೀಲರ್ ತೀರ್ಪುಗಾರನಲ್ಲ. ಎಲೆ ಹಂಚುವುದು, ಸರದಿ ನಡೆಸುವುದು, ಪಾಟ್ ಒಪ್ಪಿಸುವುದು ಅವನ ಕೆಲಸ. ತಕರಾರು ಬಂದರೆ ಅವನು ‘ಫ್ಲೋರ್’ ಎಂದು ಕೂಗಿ ಮೇಲ್ವಿಚಾರಕರನ್ನು ಕರೆಯುತ್ತಾನೆ. ಅವನು ಕರೆಯದಿದ್ದರೆ ಆಟಗಾರನೇ ಕರೆಯಬಹುದು. ಅಷ್ಟರವರೆಗೆ ನೀವು ಮಾಡಬೇಕಾದದ್ದು ‘ಟೈಮ್’ ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಆಟವನ್ನು ನಿಲ್ಲಿಸುವುದು. ರಸ್ತೆ ಅಪಘಾತವಾದಾಗ ಪೊಲೀಸರು ಬರುವ ಮುನ್ನ ವಾಹನಗಳನ್ನು ಸರಿಸಬಾರದು ಎನ್ನುವಂತೆ, ಇಲ್ಲಿಯೂ ಯಾರೂ ಎಲೆ ಮುಟ್ಟಬಾರದು, ಚಿಪ್ ಹಿಂದಕ್ಕೆ ಎಳೆಯಬಾರದು, ಡೀಲರ್ ಬೆಟ್‌ಗಳನ್ನು ಪಾಟ್‌ಗೆ ಸೇರಿಸಬಾರದು. ತನ್ನ ಬೆಟ್ ಎಷ್ಟೆಂದು ವಾದಿಸುತ್ತಲೇ ಚಿಪ್‌ಗಳನ್ನು ಕೈಯಿಂದ ಕಲೆಸುವ ಆಟಗಾರ ತನ್ನ ಸಾಕ್ಷಿಯನ್ನು ತಾನೇ ಅಳಿಸುತ್ತಿರುತ್ತಾನೆ.

ಸಮಯದ ಗಡಿಯೂ ಇದೆ. ಮುಂದಿನ ಕೈ ಆರಂಭವಾದ ಮೇಲೆ ಹಿಂದಿನ ಕೈಯ ಬಗ್ಗೆ ತಕರಾರು ಎತ್ತುವ ಹಕ್ಕಿಲ್ಲ. ಆರಂಭ ಎಂದರೆ ಎಲೆ ಹಂಚಿದಾಗ ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಡೀಲರ್ ಎಲೆಗಳನ್ನು ಕಲೆಸಲು ಮೊದಲ ಬಾರಿ ಕೈ ಹಾಕಿದಾಗಲೇ ಹೊಸ ಕೈ ಶುರು. ಕಲೆಸುವ ಯಂತ್ರವಿರುವ ಮೇಜಿನಲ್ಲಿ ಅದರ ಹಸಿರು ಗುಂಡಿ ಒತ್ತಿದಾಗ. ಪಾಟ್ ಒಪ್ಪಿಸಿದ ಕೆಲವೇ ಕ್ಷಣಗಳಲ್ಲಿ ಅದು ಆಗಿಬಿಡುತ್ತದೆ. ‘ಹೌದೋ ಅಲ್ಲವೋ’ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತ ಕೂತರೆ ಗಡಿ ದಾಟಿರುತ್ತದೆ. ಅನುಮಾನ ಬಂದೊಡನೆ ನಿಲ್ಲಿಸಿ, ಲೆಕ್ಕ ಆಮೇಲೆ ಹಾಕಿ.

ಫ್ಲೋರ್ ಬಂದಾಗ ಮೊದಲು ಡೀಲರ್ ಮಾತನಾಡಲಿ. ನಿಮ್ಮ ಸರದಿ ಬಂದಾಗ ನಡೆದದ್ದನ್ನು ನಡೆದ ಕ್ರಮದಲ್ಲಿ ಹೇಳಿ: ಯಾರ ಸರದಿ ಇತ್ತು, ಎಷ್ಟು ಚಿಪ್ ಹೋಯಿತು, ಯಾವ ಮಾತು ಯಾವಾಗ ಬಂತು. ನಿಮ್ಮ ಬಳಿ ಯಾವ ಎಲೆ ಇದೆ ಎಂಬ ಸುಳಿವನ್ನೂ ಕೊಡಬೇಡಿ, ಆ ಕೈ ಇನ್ನೂ ಮುಂದುವರಿಯಬಹುದು. ಎದುರಾಳಿಯ ಉದ್ದೇಶ ಏನಿತ್ತು ಎಂಬ ಚರ್ಚೆ ನಿರರ್ಥಕ. ಫ್ಲೋರ್‌ಗೆ ಬೇಕಾದದ್ದು ನಡೆದ ಸಂಗತಿ.

ಸಾಮಾನ್ಯವಾಗಿ ಫ್ಲೋರ್ ಮುಂದೆ ಬರುವ ತಕರಾರುಗಳು ಕೆಲವೇ. ಒಬ್ಬ 500 ಬೆಟ್ ಮಾಡಿದ. ಮುಂದಿನವನು ಬಾಯಿ ಬಿಡದೆ 5,000ದ ಒಂದೇ ಚಿಪ್ ಇಟ್ಟ. ಅವನ ಮನಸ್ಸಿನಲ್ಲಿ ಅದು ರೇಸ್, ನಿಯಮದಲ್ಲಿ ಕಾಲ್. ಚಿಪ್ ಮೇಜು ಮುಟ್ಟುವ ಮುನ್ನ ‘ರೇಸ್’ ಎಂದಿದ್ದರೆ ಮಾತ್ರ ರೇಸ್. ಅದೇ ಚಿಪ್ಪನ್ನು ಫ್ಲಾಪ್ ನಂತರ, ಅಂದರೆ ನಡುವಿನ ಮೊದಲ ಮೂರು ಎಲೆ ತೆರೆದ ಮೇಲೆ, ಯಾರೂ ಬೆಟ್ ಮಾಡದಿರುವಾಗ ಮೌನವಾಗಿ ಇಟ್ಟರೆ ಅದು ಪೂರ್ತಿ 5,000ದ ಬೆಟ್. ಇನ್ನೊಂದು ತಕರಾರು ಅರ್ಧ ರೇಸ್. 1,000ದ ಬೆಟ್‌ಗೆ ಕನಿಷ್ಠ ರೇಸ್ 2,000. ಒಬ್ಬ ಏನೂ ಹೇಳದೆ ಹಲವು ಚಿಪ್‌ಗಳಲ್ಲಿ 1,600 ಇಟ್ಟ. ಹೆಚ್ಚಿಸಬೇಕಿದ್ದ 1,000ದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಅವನು ಹಾಕಿರುವುದರಿಂದ 2,000 ಪೂರ್ತಿ ಮಾಡಲೇಬೇಕು. 1,400 ಇಟ್ಟಿದ್ದರೆ ಅದು ಬರೀ ಕಾಲ್. ‘ನಿನ್ನ 500 ಕಾಲ್ ಮಾಡಿ, ಅದರ ಮೇಲೆ...’ ಎಂದು ಸಿನಿಮಾ ಶೈಲಿಯಲ್ಲಿ ಹೇಳಿದರೆ ಕಾಲ್‌ಗೆ ನಿಲ್ಲುತ್ತದೆ; ಮೊದಲ ಮಾತು ಬಂಧಿಸುತ್ತದೆ. ಈ ಗೊಂದಲಗಳಿಗೆಲ್ಲ ಒಂದೇ ಮದ್ದು: ಮೊದಲು ಬಾಯಿ, ಆಮೇಲೆ ಕೈ.

ಸರದಿ ತಪ್ಪಿಸುವುದು ಇದಕ್ಕಿಂತ ಸೂಕ್ಷ್ಮ. ನಿಮ್ಮ ಸರದಿ ಬಂದಿಲ್ಲ, ನಿಮ್ಮ ಎಡದವನು ಬೆಟ್ ಮಾಡಿಬಿಟ್ಟ. ಆಟ ನಿಮ್ಮ ಬಳಿಗೆ ಹಿಂದಿರುಗುತ್ತದೆ. ನೀವು ಚೆಕ್ ಮಾಡಿದರೆ (ಹಣ ಹಾಕದೆ ಸರದಿ ಬಿಟ್ಟರೆ) ಪರಿಸ್ಥಿತಿ ಬದಲಾಗಲಿಲ್ಲ, ಅವನ ಬೆಟ್ ಅವನಿಗೆ ಅಂಟಿಕೊಳ್ಳುತ್ತದೆ. ನೀವು ಬೆಟ್ ಮಾಡಿದರೆ ಪರಿಸ್ಥಿತಿ ಬದಲಾಯಿತು, ಅವನು ಚಿಪ್ ಹಿಂಪಡೆದು ಹೊಸದಾಗಿ ಯೋಚಿಸಬಹುದು. ಆದರೆ ನಿಮ್ಮ ಹಕ್ಕನ್ನು ನೀವು ಕೇಳಿ ಪಡೆಯಬೇಕು. ನೀವು ಸುಮ್ಮನಿದ್ದು, ನಿಮ್ಮ ನಂತರದವರಲ್ಲಿ ಇಬ್ಬರು ಆಡಿ, ಅವರಲ್ಲಿ ಒಬ್ಬರಾದರೂ ಚಿಪ್ ಹಾಕಿದರೆ, ಅಥವಾ ಹೇಗಾದರೂ ಮೂವರು ಆಡಿ ಮುಗಿಸಿದರೆ, ಆಟ ನಿಮ್ಮನ್ನು ದಾಟಿ ಹೋಯಿತೆಂದೇ ಲೆಕ್ಕ. ನಿಮ್ಮ ಕೈಯ ಗತಿಯನ್ನು ಫ್ಲೋರ್ ನಿರ್ಧರಿಸುತ್ತದೆ.

ಹಣದ ಮೊತ್ತದ ಗೊಂದಲ ಇನ್ನೂ ದುಬಾರಿ. ಎದುರಾಳಿ ಆಲ್ ಇನ್, ಡೀಲರ್ ‘4,000’ ಎಂದ, ನೀವು ಕಾಲ್ ಎಂದಿರಿ, ಎಣಿಸಿದರೆ 14,000. ಕಾಲ್ ಮಾಡುವವನೇ ಮೊತ್ತ ಖಚಿತಪಡಿಸಿಕೊಳ್ಳಬೇಕು, ಬೇರೆಯವರು ಏನು ಹೇಳಿದರೂ ಸರಿಯಾದ ಮೊತ್ತಕ್ಕೆ ಅವನು ಬದ್ಧ ಎಂಬುದು ಮೂಲ ನಿಯಮ. ಆಲ್ ಇನ್ ಬೆಟ್ ಎದುರಿಸುತ್ತಿರುವ ನಿಮಗೆ ಎಣಿಸಿ ಕೊಡಿ ಎಂದು ಕೇಳುವ ಹಕ್ಕಿದೆ. ಸಂಕೋಚಪಟ್ಟುಕೊಳ್ಳಬೇಡಿ.

ಆದರೆ ಟಿಡಿಎಯ ಮೊದಲ ನಿಯಮ ಈ ಎಲ್ಲಕ್ಕೂ ಮೇಲೆ ನಿಲ್ಲುತ್ತದೆ: ಆಟದ ಹಿತ ಮತ್ತು ನ್ಯಾಯಕ್ಕೆ ಮೊದಲ ಸ್ಥಾನ, ಅಸಾಮಾನ್ಯ ಸಂದರ್ಭದಲ್ಲಿ ತಾಂತ್ರಿಕ ನಿಯಮವನ್ನು ಬದಿಗಿಟ್ಟು ಸಾಮಾನ್ಯ ವಿವೇಕದಿಂದ ತೀರ್ಪು ಕೊಡಬಹುದು. 4,000 ಎಂದು ಕೇಳಿ ಕಾಲ್ ಎಂದವನಿಗೆ 14,000ದ ಹೊರೆ ಹೊರಿಸಬೇಕೇ ಎಂದು ಫ್ಲೋರ್ ಯೋಚಿಸುವುದು ಈ ನಿಯಮದ ಬಲದಿಂದ. ರಾಶಿ ಸೇರಿದ ಎಲೆ ನಿಮ್ಮದೇ ಎಂದು ಸಂಪೂರ್ಣ ಖಚಿತವಾದಾಗ ಕೆಲವೊಮ್ಮೆ ಅದನ್ನು ಹಿಂದಿರುಗಿಸುವುದೂ ಹೀಗೆಯೇ. ಇದರಿಂದ ಒಂದೇ ಪ್ರಶ್ನೆಗೆ ಎರಡು ಕೋಣೆಗಳಲ್ಲಿ ಎರಡು ಉತ್ತರ ಬರುವ ಸಾಧ್ಯತೆ ಇದ್ದೇ ಇದೆ. ಹಾಗಿದ್ದರೂ ಈ ವಿವೇಚನೆ ಬೇಕು. ಇಲ್ಲದಿದ್ದರೆ ನಿಯಮಪುಸ್ತಕವನ್ನು ಬಾಯಿಪಾಠ ಮಾಡಿದ ಕುತಂತ್ರಿ ಹೊಸಬರನ್ನು ಸುಲಿಯುತ್ತಾನೆ.

ಸಾಕ್ಷ್ಯ ಬೆರೆತುಹೋದ ಮೇಲೆ ಎದ್ದ ಜಗಳ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ 2006ರ ವರ್ಲ್ಡ್ ಸಿರೀಸ್ ಆಫ್ ಪೋಕರ್ ಮೇನ್ ಇವೆಂಟ್ ಉದಾಹರಣೆ. ಲಾಸ್ ವೇಗಸ್‌ನಲ್ಲಿ 8,773 ಮಂದಿಯಿಂದ ಆರಂಭವಾದ ಆ ಸ್ಪರ್ಧೆ ಕೊನೆಯ ಹಂತಕ್ಕೆ ಬಂದಾಗ, ಪ್ರಹ್ಲಾದ್ ಫ್ರೀಡ್‌ಮನ್ ಎಂಬ ಆಟಗಾರ ಜೆಫ್ ಲಿಸಾಂಡ್ರೊ ಅವರ ಮೇಲೆ ಆರೋಪ ಹೊರಿಸಿದರು: ಪ್ರತಿ ಕೈಗೂ ಎಲ್ಲರೂ ಮೊದಲೇ ಹಾಕಬೇಕಾದ ಆಂಟೆ, 5,000ದ ಚಿಪ್, ಲಿಸಾಂಡ್ರೊ ಹಾಕಿಲ್ಲ ಎಂದು. ಮಾತಿಗೆ ಮಾತು ಬೆಳೆದು ಬೆದರಿಕೆಯವರೆಗೆ ಹೋಯಿತು. ಲಿಸಾಂಡ್ರೊ ಚಿಪ್ ಹಾಕಿದ್ದರು ಎಂಬುದನ್ನು ಆಮೇಲೆ ದೂರದರ್ಶನದ ದೃಶ್ಯಗಳು ತೋರಿಸಿದವು. ಇತ್ತೀಚಿನ ವರ್ಷಗಳಲ್ಲಿ ಅನೇಕ ಟೂರ್ನಮೆಂಟ್‌ಗಳು ಬಿಗ್ ಬ್ಲೈಂಡ್‌ನಲ್ಲಿರುವ (ಆ ಕೈಗೆ ದೊಡ್ಡ ಕಡ್ಡಾಯ ಪಣ ಹಾಕುವ) ಒಬ್ಬನೇ ಇಡೀ ಮೇಜಿನ ಪರವಾಗಿ ಆಂಟೆ ಹಾಕುವ ಪದ್ಧತಿಗೆ ಬಂದಿರುವುದರಿಂದ ಈ ಬಗೆಯ ಜಗಳಕ್ಕೆ ಆಸ್ಪದವೇ ಕಡಿಮೆಯಾಗಿದೆ.

ತೀರ್ಪು ನಿಮ್ಮ ವಿರುದ್ಧ ಬಂತೆನ್ನಿ. ಫ್ಲೋರ್ ತೀರ್ಪೇ ಕೊನೆ ಎಂದು ಟಿಡಿಎ ಹೇಳಿದರೂ, ಹಿರಿಯ ಮೇಲ್ವಿಚಾರಕರನ್ನು ಕರೆಯಿಸಿ ಎಂದು ಒಂದು ಸಲ ಸೌಜನ್ಯದಿಂದ ಕೇಳಲು ಅನೇಕ ಕೋಣೆಗಳಲ್ಲಿ ಅಡ್ಡಿಯಿಲ್ಲ. ಕೇಳುವುದಾದರೆ ಪಾಟ್ ಒಪ್ಪಿಸುವ ಮುನ್ನ ಕೇಳಿ. ಪಾಟ್ ದೊಡ್ಡದಿದ್ದರೆ ಮೇಲಿನ ಕ್ಯಾಮೆರಾ ದೃಶ್ಯ ನೋಡಲು ವಿನಂತಿಸಬಹುದು. ಎಷ್ಟು ಚಿಪ್ ಹೋಯಿತು, ಯಾರು ಮೊದಲು ಆಡಿದರು ಎಂಬ ಪ್ರಶ್ನೆಗಳಿಗೆ ಅದು ನೆರವಾಗುತ್ತದೆ, ಯಾರು ಏನು ಹೇಳಿದರು ಎಂಬುದಕ್ಕೆ ಸಾಮಾನ್ಯವಾಗಿ ಆಗುವುದಿಲ್ಲ. ಲಾಸ್ ವೇಗಸ್ ಇರುವ ನೆವಾಡಾ ರಾಜ್ಯದಲ್ಲಿ ಕ್ಯಾಸಿನೊದ ಆಚೆಗೂ ದಾರಿಯಿದೆ. ಗಿರಾಕಿಯೊಂದಿಗಿನ ವಿವಾದ 500 ಡಾಲರ್ ಅಥವಾ ಹೆಚ್ಚಿನದಾಗಿದ್ದು ಬಗೆಹರಿಯದಿದ್ದರೆ ಕ್ಯಾಸಿನೊ ತಕ್ಷಣ ರಾಜ್ಯದ ಗೇಮಿಂಗ್ ಕಂಟ್ರೋಲ್ ಬೋರ್ಡ್‌ಗೆ ತಿಳಿಸಬೇಕು. ಅದಕ್ಕಿಂತ ಕಡಿಮೆಯಾದರೆ, ಬೋರ್ಡ್‌ನಿಂದ ತನಿಖೆ ಕೋರುವ ಹಕ್ಕು ಇದೆಯೆಂದು ಗಿರಾಕಿಗೆ ಹೇಳಬೇಕು. ಎಲ್ಲಿಯೇ ಆಡಿ, ಮೇಜಿನ ಸಂಖ್ಯೆ, ಗಂಟೆ, ಡೀಲರ್ ಮತ್ತು ಫ್ಲೋರ್ ಹೆಸರು ಬರೆದಿಟ್ಟುಕೊಂಡು ಆ ದಿನವೇ ಲಿಖಿತ ದೂರು ಕೊಡಿ. ಕ್ಯಾಮೆರಾ ದೃಶ್ಯಗಳನ್ನು ಯಾರೂ ಶಾಶ್ವತವಾಗಿ ಇಟ್ಟುಕೊಂಡಿರುವುದಿಲ್ಲ.